ಮನೆಯಲ್ಲಿ ಕಟ್ಟಿದ ಬೆಲ್ಟ್ ಗ್ರೈಂಡರ್: ಒಳಬಾಗಿನ ಕತ್ತಿಗೆ ಎಷ್ಟು ಸೈ?

ಕೊಡವರ ಒಡಿಕತ್ತಿಯ ಬಾಯಿ ಇರುವುದು ಅದರ ಒಳಬಾಗಿನಲ್ಲಿ. ಬೆನ್ನ ಹಿಂದೆ ತೋಡಂಗಿಗೆ, ಅಂದರೆ ಲೋಹದ ಕೊಂಡಿಗೆ, ಸಿಕ್ಕಿಸುವ ಆ ಅಗಲವಾದ ಅಲಗಾಗಲಿ, ಮರಗಸಿಯ (ನೆರಳಿನ ಮರ ಸವರುವ) ಹೊತ್ತಿನಲ್ಲಿ ತೋಟದಲ್ಲಿ ಓಡಾಡುವ ಕೊಕ್ಕೆಮೂತಿಯ ಕತ್ತಿಯಾಗಲಿ, ಚಪ್ಪಟೆಯಾದ ಸಾಣೆಗೆ ಸುಲಭವಾಗಿ ಒಗ್ಗುವುದಿಲ್ಲ. ಕತ್ತಿ ಮಾಡುವ ಹವ್ಯಾಸಕ್ಕಾಗಿ ಕೊಡಗಿನ ಸುಂಟಿಕೊಪ್ಪದ ಸಮೀಪದ ನಮ್ಮ ಮನೆಯ ಶೆಡ್ಡಿನಲ್ಲಿ 2 ಇಂಚು ಅಗಲ, 72 ಇಂಚು ಸುತ್ತಳತೆಯ ಉಜ್ಜುವ ಬೆಲ್ಟ್ ಓಡುವ ಗ್ರೈಂಡರೊಂದನ್ನು ಕಟ್ಟಿ 14 ತಿಂಗಳು ದುಡಿಸಿದ್ದೇನೆ. ಅದರ ಗುಣದೋಷಗಳನ್ನು ತೂಗುವಾಗ ನನ್ನ ಮನಸ್ಸಿನಲ್ಲಿರುವುದು ಒಂದೇ ಪ್ರಶ್ನೆ: ನಮ್ಮ ಕತ್ತಿಯ ಒಳಬಾಗನ್ನು ಈ ಯಂತ್ರ ಕೆಡಿಸದೆ ತಿದ್ದಬಲ್ಲದೇ?

ಚಕ್ರಗಳ ಸೆಟ್ಟನ್ನು ಆನ್‌ಲೈನಿನಲ್ಲಿ ತರಿಸಿದೆ. ಅದರಲ್ಲಿ ಮೋಟರಿಗೆ ಹಾಕುವ 125 ಮಿ.ಮೀ. ಚಕ್ರ, ಬೆಲ್ಟನ್ನು ಅಂಕೆಯಲ್ಲಿಡುವ ಟ್ರ್ಯಾಕಿಂಗ್ ಚಕ್ರ, ಎರಡು ಸಣ್ಣ ಚಕ್ರಗಳು ಮತ್ತು ಬೆಲ್ಟಿನ ಹಿಂದೆ ಆನಿಕೆಯಾಗುವ, ರಬ್ಬರ್ ಹೊದಿಕೆಯ 200 ಮಿ.ಮೀ. ಕಾಂಟ್ಯಾಕ್ಟ್ ಚಕ್ರ ಇದ್ದವು. ಬಳಸಿದ 2 ಎಚ್‌ಪಿ ತ್ರೀ ಫೇಸ್ ಮೋಟರ್ ಕುಶಾಲನಗರದಲ್ಲಿ ಸಿಕ್ಕಿತು. ಸಿಂಗಲ್ ಫೇಸನ್ನು ತ್ರೀ ಫೇಸ್ ಮಾಡಿ, ಕರೆಂಟಿನ ಹರ್ಟ್ಸ್ ಏರಿಳಿಸಿ ಮೋಟರಿನ ವೇಗ ಬದಲಿಸುವ ವಿಎಫ್‌ಡಿ ಎಂಬ ಸಾಧನವನ್ನು ಮಾತ್ರ ಹೊಸದಾಗಿ ಕೊಂಡೆ. ಒಟ್ಟು ಖರ್ಚು 38,000 ರೂಪಾಯಿಯ ಆಸುಪಾಸು ಬಂದಿತು. ಅದರ ದೊಡ್ಡ ಪಾಲು ಚಕ್ರಗಳಿಗೂ ವಿಎಫ್‌ಡಿಗೂ ಹೋಯಿತು, ಹೋದದ್ದು ಸರಿಯೆಂದೇ ನನ್ನ ಅಭಿಪ್ರಾಯ. ಚೌಕ ಪೈಪಿನ ಚೌಕಟ್ಟನ್ನು ಊರಿನ ಯಾವ ವೆಲ್ಡರಾದರೂ ಮಾಡಿಕೊಡುತ್ತಾನೆ; ಆದರೆ ಟ್ರ್ಯಾಕಿಂಗ್ ಚಕ್ರದ ನಡುವಿನ ಉಬ್ಬು ಸರಿಯಿಲ್ಲದಿದ್ದರೆ ಬೆಲ್ಟ್ ನಿಲ್ಲುವುದಿಲ್ಲ, ಏಕೆಂದರೆ ಓಡುವ ಬೆಲ್ಟ್ ಚಕ್ರದ ಎತ್ತರದ ಭಾಗವನ್ನೇ ಹುಡುಕಿಕೊಂಡು ಹೋಗುತ್ತದೆ.

ನನಗೆ ತೊಂದರೆ ಕೊಟ್ಟದ್ದು ಮೋಟರಿನ ಚಕ್ರ. ಅದರ ತೂತು ಅಮೆರಿಕದ ಮೋಟರುಗಳ ಅಳತೆಯಾದ 5/8 ಇಂಚಿನದ್ದು, ಅಂದರೆ ಸುಮಾರು 16 ಮಿ.ಮೀ.; ನಮ್ಮಲ್ಲಿ ಸಿಗುವ 90ರ ಫ್ರೇಮ್ ಅಳತೆಯ ಮೋಟರಿನ ಶಾಫ್ಟ್ 24 ಮಿ.ಮೀ. ಮಾರುವವರು ಇದನ್ನು ಎಲ್ಲಿಯೂ ತಿಳಿಸಿರಲಿಲ್ಲ. ಲೇತಿನಲ್ಲಿ ತೂತನ್ನು ದೊಡ್ಡದು ಮಾಡಿಸಿದೆ, ಆದರೆ ಅದು ನಡುಬಿಂದುವಿನಿಂದ ತುಸು ಸರಿದುಬಿಟ್ಟಿತು. ನಿಧಾನವಾಗಿ ಓಡಿಸುವಾಗ ಏನೂ ತಿಳಿಯಲಿಲ್ಲ. ವೇಗ ಏರಿಸುತ್ತಿದ್ದಂತೆ ಬೆಲ್ಟ್ ಕುಣಿದು, ಅಲಗಿನ ಮೇಲೆ ಸಣ್ಣ ಸಣ್ಣ ಅಲೆಗಳು ಮೂಡತೊಡಗಿದವು, ಪಕ್ಕದಲ್ಲಿಟ್ಟಿದ್ದ ಡಬ್ಬದ ನೀರು ಸಹ ನಡುಗುತ್ತಿತ್ತು. ಬೇರೊಂದು ಲೇತಿನಲ್ಲಿ ಒಳಗೆ ಬುಶ್ ಕೂರಿಸಿ, ಅದಕ್ಕೆ ಸರಿಯಾದ ತೂತು ಕೊರೆದು, ಅದೇ ತೂತನ್ನು ಆಧಾರವಾಗಿಟ್ಟುಕೊಂಡು ಚಕ್ರದ ಹೊರಮೈಯನ್ನು ಮತ್ತೆ ಕಡೆಸಿದ ಮೇಲೆ ಆ ನೀರು ಅಲುಗದೆ ನಿಂತಿತು. ಕಟ್ಟಲು ಹೊರಡುವವರು ಮೊದಲು ಮೋಟರನ್ನು ತಂದು, ಶಾಫ್ಟ್ ಅಳೆದು, ಅನಂತರವೇ ಚಕ್ರಕ್ಕೆ ಹಣ ಕೊಡಬೇಕು.

ಮನೆಯ ಸಿಂಗಲ್ ಫೇಸ್ ಕರೆಂಟಿನಲ್ಲಿ ವಿಎಫ್‌ಡಿಯ ಮೂಲಕ ಈ ಮೋಟರನ್ನು ಓಡಿಸಲು, 415 ವೋಲ್ಟಿಗೆ ಸ್ಟಾರ್ ಆಗಿದ್ದ ಅದರ ಸುರುಳಿಗಳ ಜೋಡಣೆಯನ್ನು 240 ವೋಲ್ಟಿನ ಡೆಲ್ಟಾಕ್ಕೆ ಬದಲಿಸಬೇಕಾಯಿತು. ತಿಳಿದ ಎಲೆಕ್ಟ್ರಿಷಿಯನ್ ಕೈಯಲ್ಲೇ ಅದನ್ನು ಮಾಡಿಸಬೇಕು. 50 ಹರ್ಟ್ಸಿನಲ್ಲಿ, ಮೋಟರಿನ ನಿಮಿಷಕ್ಕೆ 1,440 ಸುತ್ತಿನಲ್ಲಿ, ಬೆಲ್ಟಿನ ವೇಗ ನಿಮಿಷಕ್ಕೆ ಸುಮಾರು 565 ಮೀಟರ್ ಬರುತ್ತದೆ. ಅಲಗಿಗೆ ಬಳಸುವ ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ಒರಟಾಗಿ ತೆಗೆಯಲು ಇದು ಸಾಲದೆಂದು ನಾನು 75 ಹರ್ಟ್ಸಿನವರೆಗೆ ಏರಿಸುತ್ತೇನೆ. 50 ಹರ್ಟ್ಸನ್ನು ದಾಟಿದ ಮೇಲೆ ಮೋಟರಿನ ಹಿಡಿತ ಕಡಿಮೆಯಾಗುವುದರಿಂದ ಕೈಯ ಒತ್ತಡವನ್ನು ಅಳೆದು ಕೊಡಬೇಕಾಗುತ್ತದೆ. ಹದ ಹಾಕಿದ ಅಲಗಿಗೆ 20 ಹರ್ಟ್ಸೇ ಸಾಕು. ತೆಳುವಾದ ಬಾಯಿ ನೀಲಿಬಣ್ಣಕ್ಕೆ ತಿರುಗಿತೆಂದರೆ ಅದು ಸುಮಾರು 300 ಡಿಗ್ರಿ ಮುಟ್ಟಿದೆ, ಅಲ್ಲಿನ ಹದ ಹೋಗಿದೆ. ಆದ್ದರಿಂದ ಬರಿಗೈಯಲ್ಲಿ ಹಿಡಿದು, ಬಿಸಿ ತಾಗುತ್ತಲೇ ನೀರಿಗೆ ಅದ್ದುತ್ತೇನೆ. ವಿಎಫ್‌ಡಿಯನ್ನು ಮೊದಲು ಗ್ರೈಂಡರಿನ ಪಕ್ಕದಲ್ಲೇ ಇಟ್ಟಿದ್ದೆ. ಅದರ ಫ್ಯಾನ್ ಉಕ್ಕಿನ ಪುಡಿಯನ್ನು ಒಳಗೆಳೆದುಕೊಳ್ಳುವುದನ್ನು ಕಂಡು, ಗೋಡೆಯಾಚೆಗೆ ದೊಡ್ಡದೊಂದು ಮುಚ್ಚಿದ ಪೆಟ್ಟಿಗೆಯೊಳಗೆ ಸರಿಸಿದೆ.

ಇನ್ನು ಒಳಬಾಗಿನ ಮಾತು. ಅಂಚಿನ ಆಕಾರ ತೆಗೆಯುವುದು ಸುಲಭ: 200 ಮಿ.ಮೀ. ಚಕ್ರ ಒಡಿಕತ್ತಿಯ ಬಾಗಿನೊಳಗೆ ಅಂದವಾಗಿ ಕೂರುತ್ತದೆ. ಕಷ್ಟವಿರುವುದು ಬಾಯಿಯ ಇಳಿಜಾರನ್ನು ತೆಗೆಯುವಲ್ಲಿ. ಬೆಲ್ಟಿನ ಬೆನ್ನಿಗೆ ಆನಿಕೆಯಾಗುವ ಚಪ್ಪಟೆ ಉಕ್ಕಿನ ಪ್ಲಾಟನ್ ಮೇಲೆ ನನ್ನ ಮೊದಲ ಅಲಗನ್ನು ಇಟ್ಟಾಗ, ದಪ್ಪ ಬಟ್ಟೆಯ ಬೆಲ್ಟಿನ ಎರಡು ಅಂಚುಗಳು ಮಾತ್ರ ಉಕ್ಕನ್ನು ಮುಟ್ಟಿ, 2 ಇಂಚು ಅಂತರದಲ್ಲಿ ಎರಡು ಗೀರುಗಳನ್ನು ಕೊರೆದುಬಿಟ್ಟವು. ಆ ಅಲಗನ್ನು ಉಳಿಸಿಕೊಳ್ಳಲಾಗಲಿಲ್ಲ. ಈಗ ಪ್ಲಾಟನ್ನಿನ ಒಂದು ಅಂಚನ್ನು ಅರದಿಂದ ದುಂಡಗೆ ಉಜ್ಜಿದ್ದೇನೆ. ಜೆ ತೂಕದ, ಅಂದರೆ ತೆಳು ಬಟ್ಟೆಯ, ಮೆತ್ತನೆಯ ಬೆಲ್ಟನ್ನು ಹಾಕಿ, ಟ್ರ್ಯಾಕಿಂಗ್ ತಿರುಪು ತಿರುಗಿಸಿ, ಬೆಲ್ಟ್ ಆ ಅಂಚಿನಿಂದ 3 ಮಿ.ಮೀ.ನಷ್ಟು ಹೊರಗೆ ಓಡುವಂತೆ ಮಾಡುತ್ತೇನೆ. ಹೊರಚಾಚಿದ ಆ ಸಣ್ಣ ಪಟ್ಟಿ ಬಾಗಿಗೆ ತಕ್ಕಂತೆ ಮಣಿಯುತ್ತದೆ. ಹಿಡಿಯ ಕಡೆಯಿಂದ ಮೂತಿಯವರೆಗೆ ನಿಲ್ಲಿಸದೆ ಎಳೆದರೆ ಗೆರೆ ಒಡೆಯುವುದಿಲ್ಲ. ಇಷ್ಟು ಸೂಕ್ಷ್ಮವಾಗಿ ಬೆಲ್ಟನ್ನು ಸರಿಸಿ ನಿಲ್ಲಿಸಬಲ್ಲ ಟ್ರ್ಯಾಕಿಂಗ್ ವ್ಯವಸ್ಥೆಯೇ ಈ ಯಂತ್ರದ ದೊಡ್ಡ ಗುಣವೆಂದು ನಾನು ಭಾವಿಸುತ್ತೇನೆ.

ಚೌಕಟ್ಟಿನಲ್ಲಿ ಒಂದು ಕೊರತೆ ಉಳಿದಿದೆ: 4 ಮಿ.ಮೀ. ದಪ್ಪದ 50 ಮಿ.ಮೀ. ಪೈಪಿನೊಳಗೆ ತೋಳಿನ 40 ಮಿ.ಮೀ. ಪೈಪು ಜಾರುವಲ್ಲಿ 2 ಮಿ.ಮೀ. ಸಡಿಲವಿದ್ದು, ಎರಡು ಬದಿಯಿಂದ ಬೋಲ್ಟ್ ಬಿಗಿದರಷ್ಟೇ ತೋಳು ಅಲುಗದೆ ನಿಲ್ಲುತ್ತದೆ. ಬೆಲ್ಟುಗಳಿಗೆ ನಮ್ಮ ಮಳೆಗಾಲ ಒಳ್ಳೆಯದಲ್ಲ. ಜುಲೈಯಲ್ಲಿ ತೇವಕ್ಕೆ ಒಂದು ಬೆಲ್ಟಿನ ಬೆಸುಗೆ ಓಡುತ್ತಿರುವಾಗಲೇ ಬಿಟ್ಟು, ಬೆಲ್ಟ್ ಮುಖಗವಚಕ್ಕೆ ಬಡಿಯಿತು. ಅಂದಿನಿಂದ ಅವುಗಳನ್ನು ಮಡಿಸದೆ, ಒಣಗಿದ ಕಪಾಟಿನೊಳಗೆ ದಪ್ಪ ಪೈಪಿನ ಮೇಲೆ ನೇತುಹಾಕುತ್ತೇನೆ. ಹಿಡಿಗೆ ಬಳಸುವ ಕಾಫಿ ಬೊಡ್ಡೆಯನ್ನು ಉಜ್ಜುವ ಮೊದಲು ಉಕ್ಕಿನ ಪುಡಿಯನ್ನೂ, ಉಕ್ಕು ಹಿಡಿಯುವ ಮೊದಲು ಮರದ ಪುಡಿಯನ್ನೂ ಪೂರ್ತಿಯಾಗಿ ಗುಡಿಸಲೇಬೇಕು. ಕಿಡಿ ಬಿದ್ದರೆ ಮರದ ಪುಡಿ ಒಳಗೊಳಗೇ ಹೊತ್ತಿಕೊಳ್ಳುತ್ತದೆ.

ಕೊಡವರ ಆಯುಧಪೂಜೆಯ ಹಬ್ಬವಾದ ಸೆಪ್ಟೆಂಬರ್ 3ರ ಕೈಲ್ ಪೊಳ್ದ್‌ಗೆ ಮುನ್ನ ಪರಿಚಯದವರೊಬ್ಬರು ತಮ್ಮ ಮನೆತನದ ಹಳೆಯ ಒಡಿಕತ್ತಿಯನ್ನು ಸಾಣೆಗೆಂದು ತಂದರು. ಹೊಸ ಅಲಗನ್ನು ನಾನು ಈ ಯಂತ್ರಕ್ಕೆ ನಂಬಿಕೆಯಿಂದ ಒಡ್ಡುತ್ತೇನೆ, ಆದರೆ ಆ ಹಳೆಯ ಕತ್ತಿಯ ಮೇಲಿದ್ದ ಸುತ್ತಿಗೆಯ ಗುರುತುಗಳನ್ನು ಬೆಲ್ಟ್ ಒಂದೇ ಎಳೆತಕ್ಕೆ ಅಳಿಸಿಬಿಡುತ್ತಿತ್ತು. ಆ ಕತ್ತಿಯನ್ನು ಸಾಣೆಕಲ್ಲಿನಲ್ಲಿ ಕೈಯಿಂದಲೇ ಹರಿತಗೊಳಿಸಿ ಕೊಟ್ಟೆ.