ಮನೆಯಲ್ಲೇ ಕಟ್ಟಿದ ಆಳಮಾಪಕ: ಎರಡು ಸೆನ್ಸರ್, ಮೂರು ಹೊದಿಕೆ

ಸ್ಕೂಬಾ ಡೈವಿಂಗ್‌ಗೆ ಎಲೆಕ್ಟ್ರಾನಿಕ್ ಆಳಮಾಪಕವೊಂದನ್ನು ಸ್ವತಃ ಕಟ್ಟಲು ಹೊರಟವರು ಸಾಮಾನ್ಯವಾಗಿ ಯಾವ ಸೆನ್ಸರ್ ಕೊಳ್ಳಬೇಕು ಎಂಬುದಕ್ಕೇ ಹೆಚ್ಚು ತಲೆ ಕೆಡಿಸಿಕೊಳ್ಳುತ್ತಾರೆ. ನಾನೂ ಹಾಗೆಯೇ ಶುರು ಮಾಡಿದೆ. ಎರಡು ಬಗೆಯ ಒತ್ತಡದ ಸೆನ್ಸರ್‌ಗಳನ್ನೂ ನೀರು ತಡೆಯುವ ಮೂರು ಬಗೆಯ ಹೊದಿಕೆಗಳನ್ನೂ ಒಂದೊಂದಾಗಿ ಕಟ್ಟಿ ನೀರಿಗಿಳಿಸಿ ನೋಡಿದ ಮೇಲೆ, ಸೆನ್ಸರ್ ಆರಿಸುವುದು ಒಂದು ಸಂಜೆಯಲ್ಲಿ ಮುಗಿಯುವ ಮಾತು, ತಿಂಗಳುಗಟ್ಟಲೆ ಹಿಡಿಯುವುದು ಹೊದಿಕೆಯೇ ಎಂಬುದು ಖಚಿತವಾಯಿತು.

ಮೊದಲು ಪ್ರಯತ್ನಿಸಿದ್ದು ಪಂಪು, ಕಂಪ್ರೆಸರ್‌ಗಳಿಗೆ ತಿರುಪಿ ಕೂರಿಸುವ ಉಕ್ಕಿನ ಸೆನ್ಸರ್. ಅದು 0ರಿಂದ 10 ಬಾರ್ ಒತ್ತಡಕ್ಕೆ (ಒಂದು ಬಾರ್ ಎಂದರೆ ಸುಮಾರು 10 ಮೀಟರ್ ನೀರಿನ ಒತ್ತಡ) 0.5ರಿಂದ 4.5 ವೋಲ್ಟ್ ಕೊಡುತ್ತದೆ. ನೋಡಲು ಗಟ್ಟಿಮುಟ್ಟಾಗಿದ್ದರೂ ಅಳತೆ ಒರಟು: ಆರ್ಡುಯಿನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನ 10 ಬಿಟ್‌ಗಳ ಅನಲಾಗ್ ಪಿನ್ನಿಗೆ ಜೋಡಿಸಿದರೆ ಅದು ಗುರುತಿಸುವ 1024 ಮೆಟ್ಟಿಲುಗಳಲ್ಲಿ ಒಂದೊಂದೂ ಸುಮಾರು 12 ಸೆಂಟಿಮೀಟರ್ ಆಳಕ್ಕೆ ಸಮ. ಪೂರ್ಣ ವ್ಯಾಪ್ತಿಯ ಶೇ. 1ರಷ್ಟು ತಪ್ಪು ಎಂದರೆ ಒಂದು ಮೀಟರಿನ ವ್ಯತ್ಯಾಸ. ಅದಕ್ಕಿಂತ ದೊಡ್ಡ ತೊಂದರೆ ನನಗೆ ತಡವಾಗಿ ತಿಳಿಯಿತು. ಈ ಬಗೆಯ ಅನೇಕ ಸೆನ್ಸರ್‌ಗಳು ನೀರಿನ ಒತ್ತಡವನ್ನು ತಮ್ಮ ಬೆನ್ನ ಹಿಂದಿನ ಗಾಳಿಯೊಂದಿಗೆ ಹೋಲಿಸಿ ಹೇಳುತ್ತವೆ. ನನ್ನ ಮಾಪಕದಲ್ಲಿ ಆ ಗಾಳಿ ಮುಚ್ಚಿದ ಪೆಟ್ಟಿಗೆಯೊಳಗೆ ಸಿಕ್ಕಿಕೊಂಡಿತ್ತು. ನೀರು ತಣ್ಣಗಿದ್ದು ಪೆಟ್ಟಿಗೆ 10 ಡಿಗ್ರಿ ತಣಿದರೆ ಒಳಗಾಳಿಯ ಒತ್ತಡ ಸುಮಾರು 34 ಮಿಲಿಬಾರ್ ಇಳಿದು, ಆಳ ಅಷ್ಟೇ ಸೆಂಟಿಮೀಟರ್ ಹೆಚ್ಚಾಗಿ ಕಾಣುತ್ತದೆ.

ಎರಡನೆಯದು ಎಂಎಸ್5837-30ಬಿಎ ಎಂಬ, ಬೆರಳ ತುದಿಗಿಂತ ಚಿಕ್ಕದಾದ ಡಿಜಿಟಲ್ ಸೆನ್ಸರ್. ಅದರ ಬಾಯಿಗೆ ಮೃದುವಾದ ಜೆಲ್ ತುಂಬಿರುತ್ತದೆ. ಅದು ಅಳೆಯುವುದು ನಿರಪೇಕ್ಷ ಒತ್ತಡವನ್ನು, ಅಂದರೆ ನಿರ್ವಾತಕ್ಕೆ ಹೋಲಿಸಿದ ಒತ್ತಡವನ್ನಾದ್ದರಿಂದ ಪೆಟ್ಟಿಗೆಯ ಗಾಳಿಯ ಗೊಡವೆ ಇಲ್ಲ, 0.2 ಮಿಲಿಬಾರ್, ಅಂದರೆ ಸುಮಾರು 2 ಮಿಲಿಮೀಟರ್ ನೀರಿನ ಏರಿಳಿತವನ್ನೂ ಗುರುತಿಸುತ್ತದೆ. ನೀರಿಗಿಳಿಯುವ ಮೊದಲೇ ಚಾಲೂ ಮಾಡಿ ಮೇಲ್ಮೈಯ ಒತ್ತಡವನ್ನು ದಾಖಲಿಸಿಕೊಳ್ಳಬೇಕು ಎಂಬುದೊಂದನ್ನು ಮರೆಯದಿದ್ದರೆ, ಈ ಎರಡರ ನಡುವೆ ಸ್ಪರ್ಧೆಯೇ ಇಲ್ಲ.

ಇನ್ನು ಹೊದಿಕೆ. 30 ಮೀಟರ್ ಆಳದಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 3 ಕಿಲೋ ಭಾರ ಬೀಳುತ್ತದೆ. ಅಂಗೈಯಗಲದ ಮುಚ್ಚಳಕ್ಕೆ ಅದು ಸಣ್ಣ ಹೊರೆಯಲ್ಲ. ದಪ್ಪ ಅಕ್ರಿಲಿಕ್ ಕೊಳವೆ, ಎರಡು ಮುಚ್ಚಳ, ಸಂದು ಮುಚ್ಚುವ ನೈಟ್ರೈಲ್ ರಬ್ಬರಿನ ಬಳೆ (ಓ-ರಿಂಗ್) ಇದ್ದ ಮೊದಲ ಹೊದಿಕೆ ಆ ಭಾರವನ್ನು ಚೆನ್ನಾಗಿಯೇ ತಡೆದುಕೊಂಡಿತು. ಆದರೂ ನಾಲ್ಕನೆಯ ಸಲ ನೀರಿಗಿಳಿಸಿ ಮೇಲೆ ತಂದಾಗ, ಸರ್ಕ್ಯೂಟ್ ಬೋರ್ಡಿನ ಮೂಲೆಯಲ್ಲಿ ಸಾಸಿವೆ ಗಾತ್ರದ ಒಂದು ಹನಿ ನಿಂತಿತ್ತು. ಮುಚ್ಚಳ ಬಿಚ್ಚಿ, ಓ-ರಿಂಗನ್ನು ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿದೆ: ಸಿಲಿಕೋನ್ ಗ್ರೀಸಿನಲ್ಲಿ ಅಂಟಿಕೊಂಡ ಒಂದೇ ಒಂದು ಕೂದಲು, ರಿಂಗಿನ ಬೆನ್ನಿಗೆ ಅಡ್ಡಲಾಗಿ ಮಲಗಿತ್ತು. ನೀರು ಅದರ ಗುಂಟವೇ ಒಳಬಂದಿತ್ತು. ಸೆಲ್ ಹಾಕಿ ಮುಚ್ಚುವ ಪ್ರತಿ ಸಲವೂ ಈ ಅಪಾಯ ಹೊಸದಾಗಿ ಹುಟ್ಟುತ್ತದೆ. ಒಳಗೆ ನೀರು ಹೊಕ್ಕ ಅನುಮಾನವಿದ್ದರೆ ಮುಚ್ಚಳವನ್ನು ಮುಖಕ್ಕೆ ಎದುರಾಗಿ ಹಿಡಿದು ತೆರೆಯಬಾರದು. ಉಪ್ಪುನೀರು ತಾಗಿದ ಸೆಲ್‌ಗಳಿಂದ ಅನಿಲ ಹುಟ್ಟಿ ಒತ್ತಡ ಕಟ್ಟಿರಬಹುದು.

ಬಿಚ್ಚುವ ಮುಚ್ಚಳವೇ ಬೇಡವೆಂದು ಎರಡನೆಯ ಮಾಪಕವನ್ನು ಪೂರ್ತಿ ಎಪಾಕ್ಸಿಯಲ್ಲಿ ಹುದುಗಿಸಿ, ತಂತಿಯಿಲ್ಲದ ಚಾರ್ಜಿಂಗ್ ಸುರುಳಿಯನ್ನೂ ಒಳಗಿಟ್ಟೆ. ಸೋರಿಕೆಯ ಚಿಂತೆ ಅಲ್ಲಿಗೆ ತೀರಿತು. ಆದರೆ ಎಪಾಕ್ಸಿ ಗಟ್ಟಿಯಾಗುವಾಗ ಕುಗ್ಗಿ ಸೆನ್ಸರ್‌ನ ಮೈಯನ್ನು ಹಿಂಡಿದ್ದರಿಂದ, ಮೇಜಿನ ಮೇಲಿದ್ದಾಗಲೇ ಅದು ಸುಮಾರು 20 ಮಿಲಿಬಾರ್ ಹೆಚ್ಚು ತೋರಿಸತೊಡಗಿತು. ಬ್ಯಾಟರಿ ಸತ್ತ ದಿನ ಇಡೀ ಮಾಪಕವೇ ಸತ್ತಂತೆ. ದುರಸ್ತಿಗೆ ದಾರಿಯಿಲ್ಲದ ಉಪಕರಣವನ್ನು ನಾನು ಮತ್ತೆ ಕಟ್ಟಲಾರೆ.

ಮೂರನೆಯದು ಎಣ್ಣೆ ತುಂಬಿದ ಪೆಟ್ಟಿಗೆ, ಮತ್ತು ನನ್ನ ಮನಸ್ಸು ನಿಂತದ್ದು ಇದರ ಮೇಲೆ. ಒಂದು ಬದಿಗೆ ತೆಳುವಾದ, ಬಾಗುವ ಪೊರೆಯನ್ನು ಹಾಕಿ ಒಳಗೆಲ್ಲ ಮಿನರಲ್ ಆಯಿಲ್ ತುಂಬಿದರೆ, ಹೊರಗಿನ ನೀರಿನ ಒತ್ತಡವೇ ಎಣ್ಣೆಗೂ ಬರುತ್ತದೆ. ಒಳಗೂ ಹೊರಗೂ ಒತ್ತಡ ಸಮವಾಗಿರುವುದರಿಂದ ನೀರನ್ನು ಒಳಗೆ ನೂಕುವ ಬಲವೇ ಉಳಿಯುವುದಿಲ್ಲ. ಸೆನ್ಸರಿಗಾಗಿ ಪೆಟ್ಟಿಗೆಗೆ ತೂತು ಕೊರೆಯುವುದೂ ಬೇಡ. ಎಣ್ಣೆಯಲ್ಲಿ ಮುಳುಗಿಕೊಂಡೇ ಅದು ಆಳ ಹೇಳುತ್ತದೆ. ಇನ್ನೊಂದು ಲಾಭವನ್ನು ನಾನು ಮೊದಲು ಊಹಿಸಿರಲಿಲ್ಲ. ಗಾಳಿ ತುಂಬಿದ ಪೆಟ್ಟಿಗೆಯನ್ನು ನೀರಿನಡಿ ಸುಮಾರು 48 ಡಿಗ್ರಿಗಿಂತ ಓರೆಯಾಗಿ ನೋಡಿದರೆ ಅದರ ಮುಖ ಕನ್ನಡಿಯಂತೆ ಹೊಳೆದು ಅಂಕಿ ಮಾಯವಾಗುತ್ತದೆ. ಎಣ್ಣೆಯಿದ್ದಲ್ಲಿ ಎತ್ತಲಿಂದ ನೋಡಿದರೂ ಅಂಕಿ ನಿಚ್ಚಳ. ಇದಕ್ಕೆ ಪ್ರತಿಯಾಗಿ, ಒತ್ತಡಕ್ಕೆ ನಜ್ಜುಗುಜ್ಜಾಗುವ ಟೊಳ್ಳಾದ ಭಾಗಗಳು ಒಳಗೆ ಇರಕೂಡದು: ಲೋಹದ ಡಬ್ಬಿಯ ಕ್ರಿಸ್ಟಲ್, ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳನ್ನು ತೆಗೆದುಹಾಕಿದೆ. ಅಯಸ್ಕಾಂತಕ್ಕೆ ಸ್ಪಂದಿಸುವ ಗಾಜಿನ ರೀಡ್ ಸ್ವಿಚ್ ಬದಲು ಅದೇ ಕೆಲಸದ ಹಾಲ್ ಸೆನ್ಸರನ್ನಿಟ್ಟು, ಹೊರಗಿನಿಂದ ಅಯಸ್ಕಾಂತ ಸೋಕಿಸಿ ಚಾಲೂ ಮಾಡುತ್ತೇನೆ. ಪೊರೆಯ ರಬ್ಬರು ಎಣ್ಣೆಗೆ ಉಬ್ಬುವ ಜಾತಿಯದಲ್ಲವೇ ಎಂದು ಮೊದಲೇ ನೋಡಿಕೊಳ್ಳಬೇಕು. ತುಂಬುವ ಕೆಲಸ ಜಿಡ್ಡಿನದು, ತಾಳ್ಮೆ ಬೇಕು.

ಮೂರನ್ನೂ ಡೈವಿಗೆ ಮುನ್ನ, ಮನೆಬಳಕೆಯ ನೀರಿನ ಫಿಲ್ಟರಿನ ಗಟ್ಟಿ ಡಬ್ಬಿಯಲ್ಲಿಟ್ಟು, ಅಂಚಿನವರೆಗೂ ನೀರು ತುಂಬಿ, ಸೈಕಲ್ ಪಂಪಿನಿಂದ 4 ಬಾರ್‌ವರೆಗೆ ಒತ್ತಡ ಕೊಟ್ಟು ಪರೀಕ್ಷಿಸಿದೆ. ಡಬ್ಬಿಯಲ್ಲಿ ಗಾಳಿ ಉಳಿಸಬಾರದು. ಒತ್ತಿದ ಗಾಳಿ ಡಬ್ಬಿಯನ್ನೇ ಸಿಡಿಸಬಲ್ಲದು. ಆಮೇಲೆ ಮೀಟರಿಗೊಂದು ಗಂಟು ಹಾಕಿದ ಹಗ್ಗದ ಪಕ್ಕದಲ್ಲಿ ಇಳಿಸಿ ನೋಡಿದೆ. ಸಮುದ್ರದ ನೀರಿನ ಸಾಂದ್ರತೆಯನ್ನು, ಅಂದರೆ ಘನಮೀಟರಿಗೆ 1025 ಕಿಲೋವನ್ನು, ಲೆಕ್ಕದಲ್ಲಿ ಹಾಗೆಯೇ ಬಿಟ್ಟು ಸಿಹಿನೀರಿಗೆ ಇಳಿದರೆ 30 ಮೀಟರ್ ಆಳವು ಸುಮಾರು 29.2 ಎಂದು ತೋರುತ್ತದೆ. ಆದ್ದರಿಂದ ಎರಡಕ್ಕೂ ಬೇರೆ ಬೇರೆ ಆಯ್ಕೆ ಇಟ್ಟಿದ್ದೇನೆ. ಎಣ್ಣೆಯ ಮಾಪಕ ಈಗ ಎಡ ಮಣಿಕಟ್ಟಿನಲ್ಲಿರುತ್ತದೆ; ಬಲ ಮಣಿಕಟ್ಟಿನಲ್ಲಿ ಅಂಗಡಿಯ ಡೈವ್ ಕಂಪ್ಯೂಟರ್ ಇರುತ್ತದೆ, ಮತ್ತು ಎಷ್ಟು ಆಳಕ್ಕೆ ಹೋಗಬೇಕು, ಯಾವಾಗ ಮೇಲೇರಬೇಕು ಎಂಬುದನ್ನು ನಾನು ತೀರ್ಮಾನಿಸುವುದು ಆ ಬಲಗೈಯ ಅಂಕಿಯನ್ನು ನೋಡಿಯೇ.