ಎಚ್‌ಸಿಜಿ: ಸೂಜಿಯೋ, ಹನಿಯೋ?
ತೂಕ ಇಳಿಸೋಕೆ ಎಚ್‌ಸಿಜಿ ಅನ್ನೋ ಹಾರ್ಮೋನಿನ ಸೂಜಿ ಒಳ್ಳೇದಾ, ಹೋಮಿಯೋಪಥಿ ಹನಿನಾ ಅಂತ ಲೆಕ್ಕ ಹಾಕುತ್ತಿದ್ದೀರಾ?

ಸೂಜಿಯಲ್ಲಿ ಹಾರ್ಮೋನ್ ನಿಜವಾಗಿ ಇರುತ್ತದೆ. ಗರ್ಭಿಣಿಯರ ಮೈಯಲ್ಲಿ ಹುಟ್ಟುವಂಥದ್ದು. 1954ರಲ್ಲಿ ಆಲ್ಬರ್ಟ್ ಸಿಮಿಯನ್ಸ್ ಎಂಬ ಬ್ರಿಟಿಷ್ ವೈದ್ಯರು ಇದನ್ನು ಬೊಜ್ಜಿಗೆ ತಂದರು. ಆಮೇಲೆ ಹಾರ್ಮೋನ್ ಇಲ್ಲದ ಹುಸಿ ಸೂಜಿಯ ಜೊತೆ ಹೋಲಿಸಿ ನೋಡಿದರೆ, ಎರಡೂ ಗುಂಪಿನವರ ತೂಕ ಇಳಿದದ್ದು ಹೆಚ್ಚುಕಮ್ಮಿ ಒಂದೇ ಅಷ್ಟು. ಬೊಜ್ಜಿಗೆ ಇದು ಕೆಲಸ ಮಾಡುತ್ತದೆಂದು ಸಾಬೀತಾಗಿಲ್ಲ ಅಂತ ಅಮೆರಿಕದಲ್ಲಿ ಔಷಧಿಯ ಲೇಬಲ್ಲಿನಲ್ಲೇ ಹಾಕಬೇಕು.

ಹನಿ? ಬಾಟಲಿ ಮೇಲೆ 30ಸಿ ಅಂತಿದ್ದರೆ, ಒಂದು ಪಾಲು ಹಾರ್ಮೋನಿಗೆ 99 ಪಾಲು ನೀರು ಬೆರೆಸಿ, ಹೀಗೆ 30 ಸಲ ತೆಳು ಮಾಡಿದ್ದು ಅಂತ ಅರ್ಥ. ಕೊನೆಗೆ ಹಾರ್ಮೋನಿನ ಒಂದು ಅಣುವೂ ಉಳಿಯುವುದಿಲ್ಲ. 2011ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥ ಹನಿ ಮಾರುವವರಿಗೆ ಎಚ್ಚರಿಕೆ ಪತ್ರ ಕಳಿಸಿತು.

ಮತ್ತೆ ಜನ ಸಣ್ಣಗಾಗೋದು ಹೇಗೆ? ಎರಡರ ಜೊತೆಗೂ ದಿನಕ್ಕೆ 500 ಕ್ಯಾಲೊರಿಯ ಊಟ ಬರುತ್ತದಲ್ವಾ! ಸಿಮಿಯನ್ಸ್ ಪಟ್ಟಿ ಹೀಗಿತ್ತು: ಬೆಳಿಗ್ಗೆ ಬರೀ ಕಾಫಿ ಇಲ್ಲವೇ ಟೀ, ಇಡೀ ದಿನಕ್ಕೆ ಒಂದು ಚಮಚ ಹಾಲು, ಮಧ್ಯಾಹ್ನ 100 ಗ್ರಾಂ ಮಾಂಸ, ಒಂದು ತರಕಾರಿ, ಒಂದು ಹಣ್ಣು, ಒಂದು ಚೂರು ಟೋಸ್ಟ್. ರಾತ್ರಿಗೂ ಅದೇ. ಸುಮ್ನೆ ಸಕ್ಕರೆ ನೀರು ಚುಚ್ಚಿಸಿಕೊಂಡರೂ ಇಳಿಯುತ್ತೀರಿ. ಇಷ್ಟು ಕಮ್ಮಿ ತಿಂದರೆ ಬರುವ ಪಿತ್ತಕೋಶದ ಕಲ್ಲಿನ ಭಯವೂ ಎರಡಕ್ಕೂ ಒಂದೇ. ಸೂಜಿಗೆ ರಕ್ತ ಹೆಪ್ಪುಗಟ್ಟುವ ಭಯ ಜಾಸ್ತಿ.