ಅರ್ಧ ದಿನ ಇದ್ದರೆ ಕೋಟೆಯೋ, ವಿಧಾನಸೌಧವೋ?

ಊರಿಂದ ಬಂದ ನೆಂಟರಿಗೆ ಬೆಂಗಳೂರಿನ ಇತಿಹಾಸ ತೋರಿಸಬೇಕು, ಇರುವುದು ಅರ್ಧ ದಿನ ಅಂದರೆ ಎರಡೂ ಕಡೆ ಓಡಬೇಡಿ.

ಹಳೆಯದೇ ಬೇಕೆಂದರೆ ಕೋಟೆ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ್ದು ಮಣ್ಣಿನ ಕೋಟೆ. ಈಗ ಉಳಿದಿರುವ ದಿಲ್ಲಿ ಬಾಗಿಲಿನ ಕಲ್ಲುಕಟ್ಟಡ ಹೈದರಾಲಿಯ ಕಾಲದ್ದು. 1791ರಲ್ಲಿ ಬ್ರಿಟಿಷರ ಕಾರ್ನ್‌ವಾಲಿಸನ ಸೇನೆ ಗೋಡೆ ಒಡೆದು ನುಗ್ಗಿದ್ದನ್ನು ಸಾರುವ ಕಲ್ಲುಫಲಕವೊಂದು ಹೊರಗೋಡೆಯಲ್ಲಿದೆ, ಬಹಳ ಜನ ಗಮನಿಸದೇ ಹೋಗುತ್ತಾರೆ. ಸುಮಾರು ಹತ್ತು ನಿಮಿಷ ನಡೆದರೆ ಟಿಪ್ಪುವಿನ ಬೇಸಿಗೆ ಅರಮನೆ: ತೇಗದ ಕಂಬ, ಕಮಾನು, ಗೋಡೆ ಮೇಲೆ ಮಾಸಿದ ಹೂಬಳ್ಳಿ. ಪಕ್ಕದಲ್ಲೇ ಕೋಟೆ ವೆಂಕಟರಮಣಸ್ವಾಮಿ ದೇವಸ್ಥಾನ.

ಖರ್ಚು ಎರಡಕ್ಕೂ ಅಷ್ಟಕ್ಕಷ್ಟೇ. ಅರಮನೆಗೆ ಟಿಕೆಟ್ ಇದೆ.

ಓಡಾಟದಲ್ಲಿ ವಿಧಾನಸೌಧ ಸಲೀಸು. ನೇರಳೆ ಮಾರ್ಗದ ಮೆಟ್ರೋದಲ್ಲಿ ವಿಧಾನಸೌಧ ನಿಲ್ದಾಣದಲ್ಲಿ ಇಳಿದರೆ ಒಂದು ಕಡೆ 1956ರಲ್ಲಿ ಮುಗಿದ ವಿಧಾನಸೌಧ, ಎದುರಿಗೆ ಹೈಕೋರ್ಟ್ ಇರುವ ಕೆಂಪು ಅಠಾರಾ ಕಚೇರಿ, ಅದರ ಹಿಂದೆ ಕಬ್ಬನ್ ಪಾರ್ಕ್. ವಯಸ್ಸಾದವರು, ಮಕ್ಕಳಿದ್ದರೆ ಇದೇ ವಾಸಿ. ನೆರಳಿದೆ, ಕೂರಲು ಜಾಗವಿದೆ. ಕೋಟೆ ಇರುವ ಮಾರ್ಕೆಟ್ ಕಡೆ ಫುಟ್‌ಪಾತ್ ಅನ್ನುವುದೇ ವ್ಯಾಪಾರಿಗಳದ್ದು, ಕಾರು ನಿಲ್ಲಿಸುವ ಮಾತಂತೂ ಬೇಡ. ಹಸಿರು ಮಾರ್ಗದಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣಕ್ಕೆ ಬನ್ನಿ.

ಕೋಟೆಗೆ ಬೆಳಿಗ್ಗೆಯೇ ಹೋಗಿ. ವಿಧಾನಸೌಧದ ದೀಪಾಲಂಕಾರ ಬೇಕಿದ್ದರೆ ಭಾನುವಾರ ಸಂಜೆ. ಫೋಟೋಗೆ ಬೆಳಗಿನ ಬಿಸಿಲೇ ಸರಿ, ಮುಂಭಾಗ ಪೂರ್ವಕ್ಕಿದೆ.